ವಂಕಿಯ ನಂತರದ ಅತಿಸ್ರಾವ: ದಾಳಿಂಬೆ ಸಿಪ್ಪೆ, ಶುಂಠಿ, ಅಶೋಕದ ಚಕ್ಕೆ

ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ತಾಮ್ರದ ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚುವುದು ಸಾಮಾನ್ಯ. ತಾಮ್ರದಿಂದಾಗಿ ಗರ್ಭಕೋಶದ ಒಳಪದರದಲ್ಲಿ ಸಣ್ಣ ಪ್ರಮಾಣದ ಉರಿಯೂತ ಉಂಟಾಗಿ, ನೋವು, ಸ್ರಾವಗಳನ್ನು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಏರುತ್ತದೆ. ವಂಕಿ ತೆಗೆಸುವ ಮನಸ್ಸಿಲ್ಲದಿದ್ದುದರಿಂದ, ಅದು ಸರಿಯಾದ ಜಾಗದಲ್ಲಿದೆ ಎಂದು ವೈದ್ಯರು ಸ್ಕ್ಯಾನಿಂಗ್ ಮಾಡಿ ಹೇಳಿದ ಮೇಲೆ, ಬಾಗಲಕೋಟೆಯಲ್ಲಿ ಸುಲಭವಾಗಿ ಸಿಗುವ ಮೂರು ಮದ್ದುಗಳನ್ನು ಬೇರೆ ಬೇರೆ ಮುಟ್ಟಿನಲ್ಲಿ ಸೇವಿಸಿ ನೋಡಿದೆ.

ನಮ್ಮ ಜಿಲ್ಲೆಯಲ್ಲಿ ದಾಳಿಂಬೆಗೆ ಬರವಿಲ್ಲ. ಒಣಗಿಸಿದ ಸಿಪ್ಪೆಯ ಕಷಾಯ ಬಹಳ ಒಗರು. ಸ್ರಾವದಲ್ಲಿ ವ್ಯತ್ಯಾಸ ಕಾಣಲಿಲ್ಲ, ಮಲಬದ್ಧತೆ ಮಾತ್ರ ಬಂತು. ಅದರಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ದೇಹಕ್ಕೆ ಹತ್ತಗೊಡುವುದಿಲ್ಲವಾದ್ದರಿಂದ, ಕಬ್ಬಿಣದ ಮಾತ್ರೆ ನುಂಗುವವರು ಇದನ್ನು ಅದರ ಜೊತೆಗೆ ಕುಡಿಯಬಾರದು.

ಶುಂಠಿಯ ಪರವಾಗಿ ಸ್ವಲ್ಪ ಆಧಾರವಿದೆ: ಇರಾನಿನಲ್ಲಿ ಪ್ರೌಢಶಾಲೆಯ ಹುಡುಗಿಯರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಶುಂಠಿಯ ಗುಳಿಗೆಯಿಂದ ಸ್ರಾವ ಇಳಿದಿತ್ತು. ಆದರೆ ಅವರು ವಂಕಿ ಹಾಕಿಸಿಕೊಂಡವರಲ್ಲ. ನನಗೆ ಒಣಶುಂಠಿಯ ಪುಡಿಯನ್ನು ಊಟದ ನಂತರ ಬಿಸಿನೀರಿನಲ್ಲಿ ತೆಗೆದುಕೊಂಡಾಗ ಕಿಬ್ಬೊಟ್ಟೆಯ ಹಿಂಡುನೋವು ಸ್ಪಷ್ಟವಾಗಿ ಕಡಿಮೆಯಾಯಿತು, ಸ್ರಾವ ಇಳಿದದ್ದು ಅಲ್ಪಸ್ವಲ್ಪ ಮಾತ್ರ. ಹೊಟ್ಟೆಯುರಿ ಇರುವವರಿಗೆ ಇದು ಒಗ್ಗುವುದಿಲ್ಲ.

ಅಶೋಕದ ಚಕ್ಕೆಯ ವಿಷಯದಲ್ಲಿ ಮೊದಲ ತೊಂದರೆ ಗ್ರಂಥಿಗೆ ಅಂಗಡಿಯಲ್ಲೇ ಶುರುವಾಗುತ್ತದೆ. ರಸ್ತೆಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಹಸಿರು ಹೂವಿನ ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ, ಅದರ ತೊಗಟೆಯೂ ಅಶೋಕದ ಹೆಸರಿನಲ್ಲಿ ಮಾರಾಟವಾಗುತ್ತದೆ; ಮದ್ದಿನ ಅಶೋಕ ಕಿತ್ತಳೆ-ಕೆಂಪು ಹೂಗೊಂಚಲು ಬಿಡುವ ಬೇರೆಯೇ ಮರ. ಹೀಗಾಗಿ ಆಯುರ್ವೇದ ವೈದ್ಯೆಯೊಬ್ಬರು ಗುರುತಿಸಿ ಕೊಟ್ಟ ಚಕ್ಕೆಯನ್ನೇ ಬಳಸಿದೆ. ಒಂದು ಪಾಲು ಚಕ್ಕೆಗೆ ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವವರೆಗೆ ಕಾಯಿಸಬೇಕು. ಹಾಲು ತಿಳಿಗೆಂಪು ಬಣ್ಣಕ್ಕೆ ತಿರುಗುತ್ತದೆ, ರುಚಿ ಒಗರಾದರೂ ಕುಡಿಯಬಹುದು. ಮೂರರಲ್ಲಿ ರಕ್ತದ ಹೆಪ್ಪುಗಳು ಕಡಿಮೆಯಾಗಿದ್ದು ಇದರಲ್ಲೇ. ಆದರೆ ಇದನ್ನು ಕೊನೆಗೆ ತೆಗೆದುಕೊಂಡೆ, ಅಷ್ಟರಲ್ಲಿ ದೇಹ ವಂಕಿಗೆ ಹೊಂದಿಕೊಂಡಿರಲೂಬಹುದು. ಪೂರ್ತಿ ಶ್ರೇಯಸ್ಸನ್ನು ಅಶೋಕಕ್ಕೆ ಕೊಡಲಾರೆ.

ಸ್ರಾವದ ದಿನಗಳಲ್ಲಿ ಮಾತ್ರ ನುಂಗುವಂತೆ ವೈದ್ಯರು ಬರೆದುಕೊಟ್ಟ ಮೆಫೆನಾಮಿಕ್ ಆಮ್ಲದ ಮಾತ್ರೆಯ ಮುಂದೆ ಈ ಮೂರೂ ಹಿಂದೆಯೇ ಉಳಿದವು. ಅದು ಪ್ರೊಸ್ಟಗ್ಲಾಂಡಿನ್ ಮೇಲೆಯೇ ಕೆಲಸ ಮಾಡುತ್ತದೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇನ್ನೊಂದು ದಾರಿ, ಆದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಸಲ್ಲದು. ನೋವಿಗೆಂದು ಆಸ್ಪಿರಿನ್ ನುಂಗಿದರೆ ಸ್ರಾವ ಹೆಚ್ಚಬಹುದು.

ಈಗ ನಾನು ಮಾತ್ರೆಯನ್ನೇ ನೆಚ್ಚಿದ್ದೇನೆ, ನೋವಿದ್ದಾಗ ಶುಂಠಿಯನ್ನೂ ಇಟ್ಟುಕೊಂಡಿದ್ದೇನೆ. ತಾಸಿಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ತಲೆ ಸುತ್ತಿದರೆ, ಅಥವಾ ಮುಟ್ಟು ತಪ್ಪಿದ ಮೇಲೆ ಹೊಟ್ಟೆನೋವಿನೊಡನೆ ರಕ್ತ ಕಂಡರೆ, ಒಲೆಯ ಮೇಲೆ ಕಷಾಯವಿಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ವಂಕಿ ಇದ್ದಾಗ ನಿಂತ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಬೆಳೆಯುತ್ತಿರುವ ಸಾಧ್ಯತೆ ಇರುತ್ತದೆ.