ಮೇಳದ ಹೆಸರಿನಲ್ಲಿ ಬರುವ ನಮೂನೆಗೆ ಸಹಿ ಹಾಕುವ ಮುನ್ನ: ಸೈನ್‌ಬೋರ್ಡ್ ಉದ್ಯಮದವರಿಗೆ ಒಂದು ಎಚ್ಚರಿಕೆ

ಸೈನ್‌ಬೋರ್ಡ್ ಉದ್ಯಮದಲ್ಲಿರುವವರು, ಅದರಲ್ಲೂ ಉದ್ಯಮ ಸಂಘಗಳು ನಡೆಸುವ ಮೇಳಗಳಲ್ಲಿ ಹೊಸದಾಗಿ ಮಳಿಗೆ ಹಾಕಲು ಹೊರಟಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮೇಳ ಮುಗಿದ ಮೇಲೆ ಅದರ ಹೆಸರನ್ನು ಹೊತ್ತು ನಮ್ಮ ಸಂಸ್ಥೆಗೆ ಬಂದ ಒಂದು ನಮೂನೆ, ಅದರ ಬೆನ್ನಿಗೇ ಬಂದ ಒಂದು ನಿಯಮಾವಳಿ ಸೂಚನೆ, ಇವೆರಡೂ ನಮ್ಮನ್ನು ಬಹುಕಾಲ ಕಾಡಿದವು. ಅವು ಸಂಘದಿಂದ ಬಂದವೂ ಅಲ್ಲ, ಯಾವುದೇ ಸರ್ಕಾರದಿಂದ ಬಂದವೂ ಅಲ್ಲ. ಆದರೆ ಹಾಗೆ ತೋರುವಂತೆ ಅವನ್ನು ಎಷ್ಟು ನಾಜೂಕಾಗಿ ಸಿದ್ಧಪಡಿಸಿದ್ದರೆಂದರೆ, ಅದೇ ಮೇಳದಲ್ಲಿ ನಮ್ಮ ಅಕ್ಕಪಕ್ಕದಲ್ಲಿದ್ದ ಅನುಭವಸ್ಥರೂ ಅವನ್ನು ನಂಬಿದ್ದರು.

ನಮ್ಮದು ಅಕ್ರಿಲಿಕ್ ಅಕ್ಷರಗಳು, ಎಲ್‌ಇಡಿ ಬೋರ್ಡುಗಳು ಮತ್ತು ಕಟ್ಟಡಗಳ ಒಳಗೆ ದಾರಿ ತೋರಿಸುವ ಫಲಕಗಳನ್ನು ಮಾಡುವ ಸಣ್ಣ ಸಂಸ್ಥೆ. ಮೇಳದಿಂದ ಮರಳಿ, ಅಲ್ಲಿ ವಿಚಾರಿಸಿದ್ದ ಗಿರಾಕಿಗಳಿಗೆ ದರಪಟ್ಟಿ ಕಳುಹಿಸುವ ಗಡಿಬಿಡಿಯಲ್ಲಿದ್ದಾಗ ಆ ನಮೂನೆ ಬಂತು. ಮೇಲ್ಭಾಗದಲ್ಲಿ ಮೇಳದ ಹೆಸರು, ಅದು ನಡೆದ ವರ್ಷ ಮತ್ತು ನಮ್ಮ ಮಳಿಗೆಯ ಸಂಖ್ಯೆ ದಪ್ಪ ಅಕ್ಷರಗಳಲ್ಲಿದ್ದವು. ಅದರ ಕೆಳಗೆ ನಮ್ಮ ಸಂಸ್ಥೆಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಮೊದಲೇ ಅಚ್ಚಾಗಿದ್ದು, 'ಪ್ರದರ್ಶಕರ ಪಟ್ಟಿಯಲ್ಲಿರುವ ನಿಮ್ಮ ವಿವರಗಳನ್ನು ಪರಿಶೀಲಿಸಿ, ತಪ್ಪಿದ್ದರೆ ತಿದ್ದಿ, ಸಹಿ ಮಾಡಿ ಮರಳಿಸಿ; ತಿದ್ದುಪಡಿ ಉಚಿತ' ಎಂಬ ಒಕ್ಕಣೆ ಇತ್ತು. ಮೇಳದ ಕೈಪಿಡಿಯಲ್ಲಿ ನಮ್ಮ ಸಂಸ್ಥೆಯ ಹೆಸರಿನ ಒಂದು ಅಕ್ಷರ ತಪ್ಪಾಗಿ ಅಚ್ಚಾಗಿತ್ತು. ಅದೇ ತಪ್ಪು ಈ ನಮೂನೆಯಲ್ಲೂ ಇತ್ತು. ನಂಬಿಕೆ ಹುಟ್ಟಿಸಿದ್ದು ಮುಖ್ಯವಾಗಿ ಅದೇ. ಕೈಪಿಡಿಯ ತಪ್ಪನ್ನು ಸಂಘದವರೇ ಸರಿಪಡಿಸುತ್ತಿದ್ದಾರೆ ಎಂದು ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುವ ಸಹೋದ್ಯೋಗಿ ತಿಳಿದರು. ಆ ಅಕ್ಷರವನ್ನು ತಿದ್ದಿ, ಸೀಲು ಹಾಕಿ, ಸಹಿ ಮಾಡಿ ಕಳುಹಿಸಿದರು. ಇದರಲ್ಲಿ ಅವರನ್ನು ದೂರುವಂಥದ್ದೇನೂ ಇಲ್ಲ. ಆ ಕಾಗದವನ್ನು ರೂಪಿಸಿದವರು ಯಾವ ಕೈಯಿಂದ ಯಾವ ಹೊತ್ತಿನಲ್ಲಿ ಸಹಿ ಬೀಳುತ್ತದೆ ಎಂಬುದನ್ನು ಬಲ್ಲವರು.

ಸಹಿಯ ಗೆರೆಯ ಮೇಲೆ ಒಂದು ಉದ್ದನೆಯ ಪ್ಯಾರಾ ಇತ್ತು. ಅಕ್ಷರ ಅತಿ ಸಣ್ಣದು, ಬಣ್ಣ ತಿಳಿ ಬೂದು, ಸಾಲುಗಳ ನಡುವೆ ಉಸಿರಾಡಲು ಜಾಗವಿಲ್ಲ. ಎಷ್ಟು ದೂರದಿಂದ ಓದುವವರಿಗೆ ಅಕ್ಷರ ಎಷ್ಟು ಎತ್ತರ ಇರಬೇಕು, ಯಾವ ಹಿನ್ನೆಲೆಯ ಮೇಲೆ ಯಾವ ಬಣ್ಣ ಎದ್ದು ಕಾಣುತ್ತದೆ ಎಂದು ದಿನವೂ ಲೆಕ್ಕ ಹಾಕುವ ಕಸುಬು ನಮ್ಮದು. ಓದಿಸಬಾರದು ಎಂಬ ಉದ್ದೇಶದಿಂದಲೇ ವಿನ್ಯಾಸಗೊಂಡ ಬರಹವದು ಎಂದು ನಾನು ಖಚಿತವಾಗಿ ಹೇಳಬಲ್ಲೆ. ಅದರ ನಡುವೆ ಹುದುಗಿದ್ದ ವಿಷಯ ಇಷ್ಟು: ಸಹಿ ಮಾಡಿದವರು ಒಂದು ಖಾಸಗಿ ಡೈರೆಕ್ಟರಿಯಲ್ಲಿ ಜಾಹೀರಾತು ಪ್ರಕಟಿಸಲು ಆದೇಶ ನೀಡಿದಂತೆ, ಒಪ್ಪಂದದ ಅವಧಿ ಮೂರು ವರ್ಷ, ಪ್ರತಿ ವರ್ಷ ಇಂತಿಷ್ಟು ಹಣ ಕೊಡಬೇಕು, ನಿಗದಿತ ಗಡುವಿನೊಳಗೆ ಬರವಣಿಗೆಯಲ್ಲಿ ರದ್ದುಪಡಿಸದಿದ್ದರೆ ಅವಧಿ ತಾನಾಗಿಯೇ ಮುಂದುವರಿಯುತ್ತದೆ, ವ್ಯಾಜ್ಯವೇನಾದರೂ ಬಂದರೆ ಅದು ದೂರದ ಬೇರೊಂದು ದೇಶದ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕು. 'ಉಚಿತ' ಎಂದು ಮೇಲೆ ಹೇಳಿದ್ದು ತಿದ್ದುಪಡಿಗೆ ಮಾತ್ರ ಅನ್ವಯಿಸುತ್ತಿತ್ತು. ಹೀಗಾಗಿ ಅಲ್ಲಿ ಹೇಳಿದ್ದರಲ್ಲಿ ನೇರವಾದ ಸುಳ್ಳು ಒಂದೂ ಇರಲಿಲ್ಲ.

ಮೊದಲ ಇನ್‌ವಾಯ್ಸ್ ಬೇಗ ಬರಲಿಲ್ಲ. ರದ್ದತಿಗೆ ಇದ್ದ ಅಲ್ಪ ಗಡುವು ಕಳೆದ ಮೇಲೆಯೇ ಅದು ಬಂತು. ನಾವು ಆಕ್ಷೇಪಿಸಿ ಬರೆದೆವು. ಉತ್ತರವಾಗಿ ನಮ್ಮ ಸೀಲು ಮತ್ತು ಸಹಿಯ ಪ್ರತಿ ಬಂತು. ನಂತರ ನೆನಪೋಲೆ, ಅದರ ಹಿಂದೆ ದಂಡದ ಬಡ್ಡಿ ಸೇರಿಸಿದ ನೋಟಿಸು, ಆಮೇಲೆ ವಸೂಲಿ ಸಂಸ್ಥೆಯೊಂದರ ಹೆಸರಿನಲ್ಲಿ ಪತ್ರ. ಆ ವಸೂಲಿ ಸಂಸ್ಥೆಯ ಪತ್ರದ ಭಾಷೆ, ಅಚ್ಚಿನ ಶೈಲಿ ಎಲ್ಲವೂ ಡೈರೆಕ್ಟರಿಯವರ ಪತ್ರವನ್ನೇ ಹೋಲುತ್ತಿದ್ದವು. ಬೆದರಿಕೆ ಏರಿದಂತೆಲ್ಲ ಒಂದು ರಿಯಾಯಿತಿಯೂ ಬರುತ್ತಿತ್ತು: ಈಗಲೇ ಕಟ್ಟಿದರೆ ಒಂದೇ ವರ್ಷದ ಹಣ ಸಾಕು, ಉಳಿದದ್ದನ್ನು ಮನ್ನಾ ಮಾಡುತ್ತೇವೆ ಎಂದು. ಮೇಳದಲ್ಲಿ ಪರಿಚಯವಾಗಿದ್ದ, ಫ್ಲೆಕ್ಸ್ ಮುದ್ರಣ ಮಾಡುವ ಸ್ನೇಹಿತರೊಬ್ಬರು ಕಿರಿಕಿರಿ ತಪ್ಪಲಿ ಎಂದು ಆ ಒಂದು ವರ್ಷದ ಹಣ ಕಟ್ಟಿದರು. ಮರುವರ್ಷ ಅವರಿಗೆ ಎರಡನೆಯ ಇನ್‌ವಾಯ್ಸ್ ಬಂತು, ಜೊತೆಗೆ 'ನೀವು ಈಗಾಗಲೇ ಹಣ ಕೊಟ್ಟು ಒಪ್ಪಂದವನ್ನು ಮಾನ್ಯ ಮಾಡಿದ್ದೀರಿ' ಎಂಬ ಸಾಲೂ ಇತ್ತು.

ನಾವು ಸಂಘದ ಕಚೇರಿಯನ್ನು ಸಂಪರ್ಕಿಸಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಪ್ರದರ್ಶಕರ ಪಟ್ಟಿ ಬಹಿರಂಗವಾಗಿ ಪ್ರಕಟವಾಗುವುದರಿಂದ ಹೆಸರು, ಮಳಿಗೆ ಸಂಖ್ಯೆ, ವಿಳಾಸಗಳನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದೆಂದೂ, ಆ ಡೈರೆಕ್ಟರಿಗೂ ತಮಗೂ ಯಾವ ಸಂಬಂಧವೂ ಇಲ್ಲವೆಂದೂ ಅವರು ಬರೆದುಕೊಟ್ಟರು. ಆ ಪತ್ರ ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂತು. ಆದರೆ ಮಳಿಗೆ ಕಾಯ್ದಿರಿಸುವಾಗ ವಿದ್ಯುತ್ ಸಂಪರ್ಕ, ಸಾಗಣೆ, ವಿಮೆ ಎಂದು ಅಷ್ಟೊಂದು ಕಾಗದಗಳನ್ನು ಕಳುಹಿಸುವ ಸಂಘ, ಈ ಎಚ್ಚರಿಕೆಯನ್ನು ಅವುಗಳ ಮೊದಲ ಪುಟದಲ್ಲೇ ಏಕೆ ಹಾಕುವುದಿಲ್ಲ ಎಂಬ ಪ್ರಶ್ನೆ ನನ್ನಲ್ಲಿ ಈಗಲೂ ಇದೆ, ಮತ್ತು ಅದನ್ನು ಅವರಿಗೂ ಕೇಳಿದ್ದೇನೆ.

ಇದು ನಮ್ಮ ಉದ್ಯಮಕ್ಕೆ ಮಾತ್ರ ಅಂಟಿದ ಪಿಡುಗಲ್ಲ. 1925ರಲ್ಲಿ ಮಿಲಾನ್‌ನಲ್ಲಿ ಸ್ಥಾಪನೆಯಾಗಿ ಈಗ ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಯುಎಫ್‌ಐ, ಅಂದರೆ ವಸ್ತುಪ್ರದರ್ಶನ ಸಂಘಟಕರ ಜಾಗತಿಕ ಒಕ್ಕೂಟ, ಇಂಥ ಡೈರೆಕ್ಟರಿಗಳ ಬಗ್ಗೆ ಪ್ರದರ್ಶಕರನ್ನು ಬಹಳ ವರ್ಷಗಳಿಂದ ಎಚ್ಚರಿಸುತ್ತ ಬಂದಿದೆ. ಯುರೋಪಿಯನ್ ಸಂಸತ್ತು 2008ರ ಡಿಸೆಂಬರ್‌ನಲ್ಲಿ ದಾರಿ ತಪ್ಪಿಸುವ ಡೈರೆಕ್ಟರಿ ಕಂಪನಿಗಳ ಕುರಿತಾಗಿಯೇ ಒಂದು ನಿರ್ಣಯವನ್ನು ಅಂಗೀಕರಿಸಿತು. ಇಷ್ಟಾದರೂ ಈ ದಂಧೆ ನಡೆದೇ ಇರುವುದಕ್ಕೆ ಒಂದು ಮುಖ್ಯ ಕಾರಣ, ಸಾಮಾನ್ಯ ಗ್ರಾಹಕನಿಗೆ ಕಾನೂನು ಕೊಡುವಷ್ಟು ರಕ್ಷಣೆಯನ್ನು ವ್ಯಾಪಾರಿಗೆ ಕೊಡದಿರುವುದು. ಯುರೋಪಿನಲ್ಲಿ ಅನ್ಯಾಯದ ವ್ಯಾಪಾರ ಪದ್ಧತಿಗಳನ್ನು ತಡೆಯುವ 2005ರ ನಿರ್ದೇಶನ ಗ್ರಾಹಕರಿಗಾಗಿ ಇರುವಂಥದ್ದು. ವ್ಯಾಪಾರಿಗಳು ತಪ್ಪು ದಾರಿಗೆಳೆಯುವ ಜಾಹೀರಾತಿನ ಕುರಿತ 2006ರ ಪ್ರತ್ಯೇಕ ನಿರ್ದೇಶನವನ್ನು ಆಶ್ರಯಿಸಬೇಕು. ಸಂಸ್ಥೆಯ ಸೀಲು ಬಿದ್ದ ಕಾಗದವನ್ನು 'ಓದಿ ಅರ್ಥ ಮಾಡಿಕೊಂಡೇ ಸಹಿ ಮಾಡಿದ್ದು' ಎಂದು ವಾದಿಸುವುದು ಡೈರೆಕ್ಟರಿಯವರಿಗೆ ಸುಲಭ. ಸಣ್ಣ ಸಂಸ್ಥೆಗಳೇ ಅವರ ಗುರಿಯಾಗಿರುವುದೂ ಇದರಿಂದಲೇ. ಕಾನೂನು ವಿಭಾಗವಿಲ್ಲದ ಕಡೆ ಹೆದರಿಕೆ ಬೇಗ ಕೆಲಸ ಮಾಡುತ್ತದೆ.

ಇನ್ನು ಆ ನಿಯಮಾವಳಿ ಸೂಚನೆಯ ವಿಷಯ. ಡೈರೆಕ್ಟರಿಯ ರಗಳೆಯ ನಡುವೆಯೇ, ಅಂತರರಾಷ್ಟ್ರೀಯ ಪ್ರಾಧಿಕಾರದ್ದೆಂದು ತೋರುವ ಲಾಂಛನವಿದ್ದ ಇಮೇಲ್ ಒಂದು ಬಂತು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ಪ್ರಕಾರ ಪಾದರಸವಿರುವ ದೀಪಗಳು ನಿಷೇಧವಾಗುತ್ತಿರುವುದರಿಂದ, ಬೆಳಕಿನ ಫಲಕ ತಯಾರಿಸುವ ಪ್ರತಿಯೊಂದು ಕಾರ್ಖಾನೆಯೂ 'ಪಾದರಸಮುಕ್ತ ಪ್ರಮಾಣಪತ್ರ'ವನ್ನು ಶುಲ್ಕ ಕಟ್ಟಿ ಪಡೆಯಬೇಕು, ಇಲ್ಲವಾದರೆ ಈಗಾಗಲೇ ಅಳವಡಿಸಿರುವ ಫಲಕಗಳನ್ನು ಸ್ವಂತ ಖರ್ಚಿನಲ್ಲಿ ಕಳಚಬೇಕಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಇದು ಡೈರೆಕ್ಟರಿಗಿಂತಲೂ ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಇದರ ಅರ್ಧ ಭಾಗ ನಿಜ. ಮಿನಮಾಟಾ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದದ್ದು ನಿಜ. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಸಾಮಾನ್ಯ ಬೆಳಕಿಗೆ ಬಳಸುವ ಫ್ಲೋರೊಸೆಂಟ್ ದೀಪಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರ ವೇಳೆಗೆ ಕೊನೆಗೊಳಿಸಲು ಒಪ್ಪಿದ್ದೂ ನಿಜ. ಪೆಟ್ಟಿಗೆಯಂಥ ಬೋರ್ಡಿನೊಳಗೆ ಟ್ಯೂಬ್‌ಲೈಟ್ ಜೋಡಿಸಿ ಬೆಳಕು ಕೊಡುವ ಹಳೆಯ ಪದ್ಧತಿಯವರು ಇದನ್ನು ಗಮನಿಸಲೇಬೇಕು, ಬದಲಿ ಟ್ಯೂಬು ಸಿಗದ ಕಾಲಕ್ಕೆ ಸಿದ್ಧರಾಗಲೇಬೇಕು.

ಆದರೆ ಆ ಒಪ್ಪಂದ ನಡೆದಿರುವುದು ಸರ್ಕಾರಗಳ ನಡುವೆ. ಅದು ದೇಶಗಳಿಗೆ ವಿಧಿಸುವ ಕಟ್ಟುಪಾಡು ದೀಪಗಳ ತಯಾರಿಕೆ, ಆಮದು ಮತ್ತು ರಫ್ತಿಗೆ ಸಂಬಂಧಿಸಿದ್ದು. ಒಬ್ಬ ಫಲಕ ತಯಾರಕನಿಂದ ಶುಲ್ಕ ವಸೂಲು ಮಾಡುವ ಅಧಿಕಾರ ಅದರಲ್ಲಿಲ್ಲ. ಗೋಡೆಯ ಮೇಲೆ ಈಗಾಗಲೇ ಉರಿಯುತ್ತಿರುವ ಫಲಕವನ್ನು ಕಳಚಬೇಕೆಂದು ಅದು ಹೇಳುವುದೂ ಇಲ್ಲ. ಆ ಇಮೇಲ್ ಬರೆದವರಿಗೆ ನಮ್ಮ ಕಸುಬಿನ ಪರಿಚಯವೇ ಇರಲಿಲ್ಲ ಎಂಬುದು ಅದರ ಜೊತೆಗಿದ್ದ ಪಟ್ಟಿಯಿಂದ ಬಯಲಾಯಿತು. ಪಾದರಸವಿರುವ ವಸ್ತುಗಳೆಂದು ಅವರು ನಿಯಾನ್ ಕೊಳವೆ, ಎಲ್‌ಇಡಿ ನಿಯಾನ್ ಫ್ಲೆಕ್ಸ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದರು. ಶುದ್ಧ ನಿಯಾನ್ ಅನಿಲ ತುಂಬಿದ ಕೆಂಪು ಕೊಳವೆಯಲ್ಲಿ ಪಾದರಸ ಇರುವುದಿಲ್ಲ. ನೀಲಿ ಮತ್ತಿತರ ಬಣ್ಣಗಳಿಗಾಗಿ ಆರ್ಗಾನ್ ತುಂಬಿದ ಕೊಳವೆಗಳಲ್ಲಿ ಮಾತ್ರ ಪಾದರಸದ ಹನಿ ಹಾಕುವ ಪದ್ಧತಿ ಇದೆ. ಎಲ್‌ಇಡಿ ನಿಯಾನ್ ಫ್ಲೆಕ್ಸ್ ಎಂಬುದಂತೂ ಸಿಲಿಕೋನ್ ಅಥವಾ ಪಿವಿಸಿ ಹೊದಿಕೆಯೊಳಗೆ ಎಲ್‌ಇಡಿ ಪಟ್ಟಿಯನ್ನು ಕೂರಿಸಿದ ವಸ್ತು, ಅದರಲ್ಲಿ ನಿಯಾನ್ ಅನಿಲವೂ ಇಲ್ಲ, ಪಾದರಸವೂ ಇಲ್ಲ. ನಮ್ಮ ಕಾರ್ಖಾನೆಯಲ್ಲಿ ಕೊಳವೆ ಬಗ್ಗಿಸುವ ಹಿರಿಯ ಕೆಲಸಗಾರರು ಆ ಪಟ್ಟಿಯನ್ನು ನೋಡಿದ ತಕ್ಷಣ 'ಇದು ನಮ್ಮ ಕೆಲಸ ಬಲ್ಲವರು ಬರೆದದ್ದಲ್ಲ' ಎಂದರು. ಅವರ ಆ ಮಾತಿನಿಂದಾಗಿ ನಾವು ಹಣ ಕಟ್ಟದೆ ಉಳಿದೆವು.

ನಿಜವಾದ ನಿಯಮ ಬದಲಾವಣೆಯ ಸೂಚನೆ ಹೇಗಿರುತ್ತದೆ ಎಂಬುದನ್ನು ಬಲ್ಲವರಿಗೆ ನಕಲಿಯನ್ನು ಗುರುತಿಸುವುದು ಕಷ್ಟವಲ್ಲ. ಉದಾಹರಣೆಗೆ, ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅಮೆರಿಕ ರೂಪಿಸಿದ 2010ರ ಮಾನದಂಡಗಳನ್ನು ನೋಡಿ. ಅವು 2012ರ ಮಾರ್ಚ್ 15ರಿಂದ ಕಡ್ಡಾಯವಾದವು. ಕೈಯಿಂದ ಮುಟ್ಟಿ ಓದುವ ಉಬ್ಬಕ್ಷರದ ಎತ್ತರ 16ರಿಂದ 51 ಮಿಲಿಮೀಟರ್ ಒಳಗಿರಬೇಕು, ಆ ಅಕ್ಷರಗಳ ತಳಗೆರೆ ನೆಲದಿಂದ 1220ರಿಂದ 1525 ಮಿಲಿಮೀಟರ್ ಎತ್ತರದ ನಡುವೆ ಬರಬೇಕು, ಜೊತೆಯಲ್ಲಿ ಬ್ರೈಲ್ ಇರಬೇಕು ಎಂದು ಅವು ಅಳತೆ ಸಮೇತ ಹೇಳುತ್ತವೆ. ಪೂರ್ಣ ಪಠ್ಯವನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ನಿಜವಾದ ಸೂಚನೆಯಲ್ಲಿ ನಿಯಮದ ಹೆಸರು, ಕಲಮು, ಜಾರಿಗೆ ಬರುವ ದಿನ ಮತ್ತು ಫಲಕದಲ್ಲಿ ಏನು ಬದಲಾಗಬೇಕು ಎಂಬ ವಿವರ ಇರುತ್ತದೆ. ನಮಗೆ ಬಂದ ನಕಲಿಯಲ್ಲಿ ಯಾವ ಕಲಮಿನ ಸಂಖ್ಯೆಯೂ ಇರಲಿಲ್ಲ, ಯಾವ ಅಳತೆಯೂ ಇರಲಿಲ್ಲ. ಹಣ ಎಲ್ಲಿಗೆ ಕಳುಹಿಸಬೇಕು ಎಂಬುದು ಮಾತ್ರ ಬಹಳ ಸ್ಪಷ್ಟವಾಗಿತ್ತು. ಉದ್ಯಮ ಸಂಘದ ಸದಸ್ಯತ್ವಕ್ಕೆ ಹಣ ಕೊಡುವವರು ಆ ಸದಸ್ಯತ್ವವನ್ನು ಬಳಸಿಕೊಳ್ಳಬೇಕಾದದ್ದು ಇಂಥಲ್ಲೇ: ಸೂಚನೆಯ ಪ್ರತಿಯನ್ನು ಸಂಘದ ನಿಯಮಾವಳಿ ವಿಭಾಗಕ್ಕೆ ಕಳುಹಿಸಿ, ಇದು ನಿಜವೇ ಎಂದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಬೇಕು. ಕೇಳುವಾಗ ಆ ಪತ್ರದಲ್ಲಿರುವ ದೂರವಾಣಿಗೆ ಕರೆ ಮಾಡಬಾರದು, ಸಂಘದ ಸದಸ್ಯತ್ವ ರಸೀದಿಯಲ್ಲಿರುವ ಸಂಖ್ಯೆಗೇ ಮಾಡಬೇಕು.

ಮೇಳದ ಹೆಸರಿನಲ್ಲಿ ನಡೆಯುವ ಇನ್ನೂ ಕೆಲವು ವಂಚನೆಗಳಿವೆ. ಮೇಳಕ್ಕೆ ಬಂದವರ ಇಮೇಲ್ ಪಟ್ಟಿಯನ್ನು ಮಾರುತ್ತೇವೆ ಎನ್ನುವವರ ಬಳಿ ಬಹುಪಾಲು ಅಂಥ ಪಟ್ಟಿಯೇ ಇರುವುದಿಲ್ಲ. ಮೇಳದ ಅಧಿಕೃತ ವಸತಿ ವ್ಯವಸ್ಥಾಪಕರೆಂದು ಹೇಳಿಕೊಂಡು ಹೋಟೆಲ್ ಕೋಣೆಗೆ ಮುಂಗಡ ಕೇಳುವವರಿದ್ದಾರೆ. ಕೋಣೆ ಕಾಯ್ದಿರಿಸುವುದನ್ನು ಸಂಘದ ಜಾಲತಾಣದಿಂದಲೇ ಆರಂಭಿಸಬೇಕು. ಮಳಿಗೆಯ ಬಾಕಿ ಹಣಕ್ಕೆ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ, ಸಂಘಟಕರೊಂದಿಗೆ ನೇರವಾಗಿ ಮಾತನಾಡುವವರೆಗೆ ಒಂದು ಪೈಸೆಯನ್ನೂ ವರ್ಗಾಯಿಸಬಾರದು.

ಈಗಾಗಲೇ ಡೈರೆಕ್ಟರಿ ನಮೂನೆಗೆ ಸಹಿ ಮಾಡಿ ಕಳುಹಿಸಿರುವವರಿಗೆ ನಮ್ಮ ವಕೀಲರು ಹೇಳಿದ ಕ್ರಮವನ್ನು ಇಲ್ಲಿ ತಿಳಿಸುತ್ತೇನೆ. ನಿಮ್ಮ ದೇಶದ ಕಾನೂನಿನ ಪ್ರಕಾರ ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಭಾಗಶಃ ಹಣವನ್ನೂ ಕಟ್ಟಬೇಡಿ ಎಂದರು, ಏಕೆಂದರೆ ಅದನ್ನು ಒಪ್ಪಿಗೆಯೆಂದು ಬಳಸಿಕೊಳ್ಳುತ್ತಾರೆ. ದಾರಿ ತಪ್ಪಿಸಿ ಪಡೆದ ಸಹಿಯಾದ್ದರಿಂದ ಒಪ್ಪಂದವನ್ನು ಮಾನ್ಯ ಮಾಡುವುದಿಲ್ಲ, ಒಂದು ವೇಳೆ ಅದು ಮಾನ್ಯವೆಂದಾದರೂ ಈ ಪತ್ರದ ಮೂಲಕ ಅದನ್ನು ರದ್ದುಪಡಿಸುತ್ತಿದ್ದೇವೆ ಎಂದು ನೋಂದಾಯಿತ ಅಂಚೆಯಲ್ಲಿ ಒಂದೇ ಒಂದು ಸ್ಪಷ್ಟ ಪತ್ರ ಬರೆಸಿ, ಸಂಘ ಕೊಟ್ಟ ಪತ್ರದ ಪ್ರತಿಯನ್ನು ಅದಕ್ಕೆ ಲಗತ್ತಿಸಿದರು. ಆನಂತರ ಬಂದ ಫೋನ್ ಕರೆಗಳಿಗೆ ಯಾರೂ ವಾದಕ್ಕಿಳಿಯದಂತೆ ಕಚೇರಿಯಲ್ಲಿ ಎಲ್ಲರಿಗೂ ತಿಳಿಸಿದೆವು. ಪತ್ರಗಳು ಇನ್ನೂ ಕೆಲಕಾಲ ಬಂದವು, ಮೊತ್ತವೂ ಏರುತ್ತ ಹೋಯಿತು, ಆದರೆ ಯಾವ ನ್ಯಾಯಾಲಯದಿಂದಲೂ ಸಮನ್ಸ್ ಬರಲಿಲ್ಲ. ನಿಮಗೆ ನ್ಯಾಯಾಲಯದ್ದೆಂದು ತೋರುವ ಕಾಗದವೇನಾದರೂ ಬಂದರೆ ಮಾತ್ರ ಅದನ್ನು ಬದಿಗಿಡದೆ ಅದೇ ದಿನ ವಕೀಲರಿಗೆ ತೋರಿಸಿ. ಬಂದ ಪ್ರತಿಯೊಂದು ಪತ್ರವನ್ನೂ, ಅಂಚೆ ಮುದ್ರೆ ಕಾಣುವ ಲಕೋಟೆಯ ಸಮೇತ, ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ನಿಮ್ಮ ಸಂಘಕ್ಕೂ ನಿಮ್ಮಲ್ಲಿ ಇಂಥ ದೂರುಗಳನ್ನು ಸ್ವೀಕರಿಸುವ ಇಲಾಖೆಗೂ ಅದರ ಪ್ರತಿ ಕೊಡಿ. ಮೇಳದಲ್ಲಿ ನಿಮ್ಮ ಸಾಲಿನಲ್ಲಿದ್ದ ಉಳಿದ ಮಳಿಗೆಯವರಿಗೂ ಒಂದು ಮಾತು ಹೇಳಿ, ಏಕೆಂದರೆ ನಿಮ್ಮ ಹೆಸರಿದ್ದ ಪಟ್ಟಿಯಲ್ಲಿ ಅವರ ಹೆಸರೂ ಇತ್ತು.