ಹಳೇ ಎಂಟಿಬಿಗೆ ಡ್ರಾಪ್ ಹ್ಯಾಂಡಲ್: ಹನುಮಂತನಗರದ ಬೋರ್ಡಿಲ್ಲದ ಅಂಗಡಿಯಲ್ಲಿ ಮಾಡಿಸಿದ ಕೆಲಸ

ಈ ಅಂಗಡಿಗೆ ಬೋರ್ಡ್ ಇಲ್ಲ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಹನುಮಂತನಗರದಲ್ಲಿ ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಕೆಳಗೆ, ಫ್ಲೋರ್ ಮಿಲ್ ಪಕ್ಕದ ಚಿಕ್ಕ ಮಳಿಗೆ. ಎರಡು ಸೈಕಲ್ ಒಳಗೆ ಹೋದರೆ ಮೂರನೆಯದು ಫುಟ್‌ಪಾತ್ ಮೇಲೆ ನಿಲ್ಲಬೇಕು. ನಡೆಸುವವರು ಅರವತ್ತು ದಾಟಿದ ಯಜಮಾನರು, ಜೊತೆಗೆ ಅವರ ಮಗ. ದಿನವೆಲ್ಲ ಪಂಕ್ಚರ್, ಮಕ್ಕಳ ಸೈಕಲ್, ಹಾಲು ಪೇಪರ್ ಹಾಕುವವರ ಸೈಕಲ್ ಇದೇ ಕೆಲಸ. ಅಂಥ ಅಂಗಡಿಯಲ್ಲಿ ನನ್ನ ಹಳೇ ಮೌಂಟನ್ ಬೈಕಿಗೆ (ಎಂಟಿಬಿ), ರೇಸ್ ಸೈಕಲ್ಲಿನ ಹಾಗೆ ಕೆಳಗೆ ಬಗ್ಗಿದ ಡ್ರಾಪ್ ಹ್ಯಾಂಡಲ್ ಹಾಕಿಸಿದೆ. ಐದು ತಿಂಗಳು ಓಡಿಸಿದ ಮೇಲೆ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಕೆಲಸ ಹೇಗಿದೆ ಅಂತ ಮೊದಲ ವಾರದಲ್ಲಿ ಗೊತ್ತಾಗಲ್ಲ.

ಸೈಕಲ್ ನನ್ನ ಸೋದರಮಾವನದು. 90ರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿದ್ದಾಗ ತಗೊಂಡ ಟ್ರೆಕ್ 830. ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಬಂತು, ಆಮೇಲೆ ಗಿರಿನಗರದ ಮನೆಯ ಶೆಡ್ಡಿನಲ್ಲಿ ಒಣಗಿದ ತೆಂಗಿನ ಗರಿಗಳ ಹಿಂದೆ ಇಪ್ಪತ್ತು ವರ್ಷ ಹಾಗೇ ನಿಂತಿತ್ತು. ಕ್ರೋಮೊಲಿ ಸ್ಟೀಲ್ ಫ್ರೇಮ್, ಮುಂದೆ ಶಾಕ್ ಇಲ್ಲದ ಗಟ್ಟಿ ಫೋರ್ಕ್, 26 ಇಂಚಿನ ಚಕ್ರ, ಚಕ್ರದ ಎರಡು ಪಕ್ಕದ ತೋಳುಗಳನ್ನು ಕೇಬಲ್ ಮಧ್ಯದಿಂದ ಮೇಲಕ್ಕೆ ಎಳೆಯುವ ಕ್ಯಾಂಟಿಲಿವರ್ ಬ್ರೇಕ್, ಮುಂದೆ ಮೂರು ಹಿಂದೆ ಏಳು ಗೇರ್. ತೊಳೆದು ಗ್ರೀಸ್ ಹಾಕಿದ ಮೇಲೆ ಎಷ್ಟು ಚೆನ್ನಾಗಿ ಓಡಿತು ಅಂದರೆ, ಇದನ್ನು ಬಿಟ್ಟು ಬೇರೆ ಸೈಕಲ್ ತಗೊಳ್ಳುವ ಮನಸ್ಸೇ ಬರಲಿಲ್ಲ.

ತೊಂದರೆ ಒಂದೇ, ಹ್ಯಾಂಡಲ್. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಕೆಂಗೇರಿ ದಾಟಿ, ದೊಡ್ಡ ಆಲದ ಮರದ ದಾರಿಯಲ್ಲಿ ಮಂಚನಬೆಲೆವರೆಗೆ ಹೋಗಿ ಬರುತ್ತೇವೆ. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಒಂದೇ ಜಾಗ. ವಾಪಸ್ ಬರುವಾಗ ಎದುರುಗಾಳಿ, ಅಂಗೈ ಜೋಮು, ಮಣಿಕಟ್ಟು ನೋವು. ಟಗರಿನ ಕೊಂಬಿನ ಹಾಗೆ ಬಗ್ಗಿದ ಡ್ರಾಪ್ ಹ್ಯಾಂಡಲ್‌ನಲ್ಲಿ ಮೇಲೆ ಹಿಡಿಯಬಹುದು, ಬ್ರೇಕ್ ಲಿವರ್‌ನ ತಲೆ ಮೇಲೆ ಕೈ ಇಡಬಹುದು, ಗಾಳಿ ಜೋರಾದರೆ ಕೆಳಗೆ ಬಗ್ಗಿ ಹಿಡಿಯಬಹುದು. ಕೈಗೆ ಮೂರು ಜಾಗ ಸಿಕ್ಕರೆ ಅರ್ಧ ನೋವು ಹೋದ ಹಾಗೆ.

ಎಂಟಿಬಿಗೆ ಡ್ರಾಪ್ ಹ್ಯಾಂಡಲ್ ಹಾಕೋದು ಮಣ್ಣು, ಜಲ್ಲಿ ರಸ್ತೆಗೆಂದು ಮಾಡಿದ ಈಗಿನ ಗ್ರಾವೆಲ್ ಸೈಕಲ್ ನೋಡಿ ಹುಟ್ಟಿದ ಫ್ಯಾಷನ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1987ರ ಬ್ರಿಜ್‌ಸ್ಟೋನ್ ಎಂಬಿ-1 ಕಂಪನಿಯಿಂದಲೇ ಡ್ರಾಪ್ ಹ್ಯಾಂಡಲ್ ಹಾಕಿಕೊಂಡು ಬಂದಿತ್ತು. 1990ರಲ್ಲಿ ಅಮೆರಿಕದ ರೇಸರ್ ಜಾನ್ ಟೊಮ್ಯಾಕ್ ಯೆಟಿ ಕಂಪನಿಯ ಸೈಕಲ್ಲಿಗೆ ಡ್ರಾಪ್ ಹ್ಯಾಂಡಲ್ ಹಾಕಿಕೊಂಡು ಮೌಂಟನ್ ಬೈಕ್ ರೇಸ್‌ಗಳಲ್ಲಿ ಓಡಿದರು, ಅದೇ ಕಾಲಕ್ಕೆ ರೋಡ್ ರೇಸ್ ಟೀಮಿನಲ್ಲೂ ಇದ್ದರು. ಹಾಗಾಗಿ ಆ ಕಾಲದ ಫ್ರೇಮಿಗೆ ಇದು ಹೊಸದೇನಲ್ಲ. ಆದರೆ ಲೆಕ್ಕ ಗೊತ್ತಿರುವವರು ಮಾಡಬೇಕು.

ನಾನು ಮೊದಲು ಹೋಗಿದ್ದು ದೊಡ್ಡ ಶೋರೂಮಿಗೆ. ಅಲ್ಲಿ ಹ್ಯಾಂಡಲ್ ಒಂದು, ಲಿವರ್ ಜೋಡಿ ಒಂದು ಕೊಟ್ಟು, ಎರಡು ಗಂಟೆಯಲ್ಲಿ ಕೂರಿಸಿಬಿಟ್ಟರು. ಅಳತೆ ತೆಗೆದುಕೊಳ್ಳಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಲ್ಲಿಂದ ಹೊರಟಾಗ ಸೈಕಲ್ ನೋಡಲು ಎಷ್ಟು ಚೆಂದ ಇತ್ತು! ಮೂರನೇ ದಿನ ಕತ್ತು ಹಿಡಿದುಕೊಂಡಿತು. ಅದಕ್ಕಿಂತ ಹೆಚ್ಚಾಗಿ ಭಯ ಆಗಿದ್ದು ಬ್ರೇಕಿಗೆ. ಲಿವರ್ ಒತ್ತಿದರೆ ಮರದ ತುಂಡು ಒತ್ತಿದ ಹಾಗೆ ಗಟ್ಟಿ, ಆದರೆ ಸೈಕಲ್ ನಿಲ್ಲಲ್ಲ. ಒಂದು ಸಂಜೆ ಮಳೆ ಬಂದು ನಿಂತಿತ್ತು, ಗುಡ್ಡದಿಂದ ಇಳಿಯುತ್ತಿದ್ದೆ, ಎದುರು ಆಟೋ ತಿರುಗಿಸಿದ. ಎರಡೂ ಕೈಯಲ್ಲಿ ಜೀವ ಹಿಡಿದು ಒತ್ತಿದೆ. ಆಟೋದ ಹಿಂದಿನ ಬಂಪರ್‌ಗೆ ಒಂದು ಗೇಣು ಇರುವಾಗ ನಿಂತಿತು. ಅಲ್ಲೇ ಇಳಿದು ತಳ್ಳಿಕೊಂಡು ಹೋಗುವಾಗ ಈ ಅಂಗಡಿ ಕಂಡಿದ್ದು.

ಯಜಮಾನರು ಲಿವರ್ ಒಂದು ಸಲ ಒತ್ತಿ ನೋಡಿದರು. "ಇದು ನಿಮ್ಮ ಬ್ರೇಕಿಗೆ ಆಗೋ ಲಿವರ್ ಅಲ್ಲಮ್ಮ" ಅಂದರು. ನಾನು ಒಪ್ಪದ ಮುಖ ಮಾಡಿದೆ ಅನ್ನಿಸುತ್ತೆ. ಅವರು ವಾದ ಮಾಡಲಿಲ್ಲ. ಒಂದು ಹಳೇ ಹ್ಯಾಂಡಲ್ ತುಂಡನ್ನು ವೈಸಿಗೆ ಕಚ್ಚಿಸಿ, ನನ್ನ ಲಿವರ್ ಒಂದನ್ನೂ ಅವರ ಡಬ್ಬದಲ್ಲಿದ್ದ ಹಳೇ ರೇಸ್ ಸೈಕಲ್ಲಿನ ಲಿವರ್ ಒಂದನ್ನೂ ಅಕ್ಕಪಕ್ಕ ಬಿಗಿದರು. ಎರಡಕ್ಕೂ ಇನ್ನರ್ ವೈರ್ ಹಾಕಿ, ವೈರ್ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಟ್ಟು, ಕೆಳಗೆ ಸ್ಟೀಲ್ ಸ್ಕೇಲ್ ಹಿಡಿದು, ನನ್ನ ಕೈಯಲ್ಲೇ ಒತ್ತಿಸಿದರು. ನನ್ನ ಲಿವರ್‌ನ ಚುಕ್ಕೆ ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು ದೂರ ಸರಿಯಿತು. ಅಷ್ಟೇ, ಅರ್ಥ ಆಯಿತು.

ವಿಷಯ ಇದು. ಸೈಕಲ್ ಬಿಡಿಭಾಗ ಮಾಡುವ ಶಿಮಾನೋ ಕಂಪನಿ 1996ರಲ್ಲಿ ಉದ್ದ ತೋಳಿನ ವಿ-ಬ್ರೇಕ್ ತಂದಿತು, ಅದಕ್ಕೂ ಹಿಂದಿನ ಎಂಟಿಬಿಗಳಲ್ಲಿ ಇರೋದು ಹೆಚ್ಚಾಗಿ ಕ್ಯಾಂಟಿಲಿವರ್. ಕ್ಯಾಂಟಿಲಿವರ್‌ಗೆ ಕೇಬಲ್ ಕಡಿಮೆ ಎಳೆಯುವ ಲಿವರ್ ಬೇಕು, ವಿ-ಬ್ರೇಕ್‌ಗೆ ಜಾಸ್ತಿ ಎಳೆಯುವುದು ಬೇಕು. ಮಾಮೂಲಿ ರೋಡ್ ಸೈಕಲ್ಲಿನ ಡ್ರಾಪ್ ಲಿವರ್ ಕಡಿಮೆ ಎಳೆಯುವ ಜಾತಿ, ಅಂದರೆ ನನ್ನ ಸೈಕಲ್ಲಿಗೆ ಸುಮ್ನೆ ಅದನ್ನೇ ಹಾಕಬಹುದಿತ್ತು. ಶೋರೂಮಿನವರು ಎಂಟಿಬಿ ಅಂದ ತಕ್ಷಣ ವಿ-ಬ್ರೇಕ್ ಅಂತ ತಿಳಿದು, ಅದಕ್ಕೆಂದೇ ಮಾಡಿದ ಟೆಕ್ಟ್ರೋ ಆರ್‌ಎಲ್ 520 ಕೊಟ್ಟಿದ್ದರು. ಲಿವರ್ ಒಳ್ಳೆಯದೇ, ವಿ-ಬ್ರೇಕ್ ಇರುವವರಿಗೆ ಬೇಕಾದದ್ದೇ ಅದು, ಆದರೆ ನನ್ನ ಬ್ರೇಕಿಗೆ ಅಲ್ಲ. ಕೇಬಲ್ ಬೇಗ ಬಿಗಿಯಾಗುತ್ತೆ, ರಿಮ್ ಮೇಲೆ ಒತ್ತುವ ಬಲ ಮಾತ್ರ ಬರಲ್ಲ. ವಾಪಸ್ ತಗೊಳ್ಳಲು ಅವರು ಒಪ್ಪಲಿಲ್ಲ. ನನ್ನ ಗೆಳತಿಯ ಸೈಕಲ್ಲಿನಲ್ಲಿ ವಿ-ಬ್ರೇಕ್ ಇತ್ತು, ಅವಳು ಅರ್ಧ ಬೆಲೆಗೆ ತಗೊಂಡಳು.

ಲಿವರ್ ಆಯಿತು. ಕತ್ತು ನೋವಿಗೆ ಬೇರೆ ಕಾರಣ ಇತ್ತು, ಮತ್ತು ನನ್ನ ಪ್ರಕಾರ ಈ ಅಂಗಡಿಯ ನಿಜವಾದ ಕೆಲಸ ಇರೋದು ಇಲ್ಲೇ. ಹಳೇ ಎಂಟಿಬಿಗಳಲ್ಲಿ ಫ್ರೇಮಿನ ಮೇಲಿನ ಪೈಪ್ ಉದ್ದ, ಜೊತೆಗೆ ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮೂ ಉದ್ದ. ನೇರ ಹ್ಯಾಂಡಲ್‌ಗೆ ಅದು ಸರಿ. ಡ್ರಾಪ್ ಹ್ಯಾಂಡಲ್ ಮುಂದಕ್ಕೆ ಚಾಚಿ ಆಮೇಲೆ ಬಗ್ಗುತ್ತೆ, ಆ ಚಾಚೇ 70, 80 ಮಿ.ಮೀ. ಅದರ ತುದಿಯಲ್ಲಿ ಲಿವರ್‌ನ ತಲೆ. ಸ್ಟೆಮ್ ಬದಲಾಯಿಸದೆ ಹ್ಯಾಂಡಲ್ ಮಾತ್ರ ಬದಲಾಯಿಸಿದರೆ ಕೈ ಸುಮಾರು ಅರ್ಧ ಗೇಣಿನಷ್ಟು ಮುಂದೆ ಹೋಗುತ್ತೆ. ನನ್ನ ಎತ್ತರ 5 ಅಡಿ 4 ಇಂಚು. ಒಂದು ತಿಂಗಳು ನಾನು ಸೈಕಲ್ ಮೇಲೆ ಬೋರಲು ಬಿದ್ದುಕೊಂಡೇ ಓಡಿಸಿದ್ದೆ.

ಅವರು ಒಂದು ಟ್ವೈನ್ ದಾರ ತಂದು, ಸೀಟಿನ ಮೂತಿಯಿಂದ ಹಳೇ ಹ್ಯಾಂಡಲ್‌ನಲ್ಲಿ ನನ್ನ ಕೈ ಇರುತ್ತಿದ್ದ ಜಾಗಕ್ಕೆ ಹಿಡಿದು ಗಂಟು ಹಾಕಿದರು. ಆ ಗಂಟು ಹೊಸ ಲಿವರ್‌ನ ತಲೆಯ ಹತ್ತಿರಕ್ಕೆ ಬರಬೇಕು, ಅದು ಅವರ ಗುರಿ. ಹಳೇ ಸ್ಟೆಮ್ ಫೋರ್ಕಿನ ಪೈಪಿನ ಒಳಗೆ ಇಳಿಯುವ ಜಾತಿ. ಅದನ್ನು ತೆಗೆದು, ಅದೇ ತೂತಿಗೆ 25.4 ಮಿ.ಮೀ. ಅಡಾಪ್ಟರ್ ಇಳಿಸಿ, ಮೇಲೆ ಈಗಿನ ಕಾಲದ, ಮುಖದ ಪ್ಲೇಟ್ ಬಿಚ್ಚುವ ಸ್ಟೆಮ್ ಹಾಕಿದರು. ಇದರ ಲಾಭ ಏನೆಂದರೆ ಹ್ಯಾಂಡಲ್‌ಗೆ ಸುತ್ತಿದ ಟೇಪ್, ಲಿವರ್ ಏನೂ ಬಿಚ್ಚದೆ ನಾಲ್ಕು ಬೋಲ್ಟ್ ತೆಗೆದು ಬೇರೆ ಅಳತೆಯ ಸ್ಟೆಮ್ ಹಾಕಿ ನೋಡಬಹುದು. 90 ಮಿ.ಮೀ. ಸ್ಟೆಮ್ಮಿನಿಂದ ಶುರು ಮಾಡಿದರು. "ಒಂದು ರೌಂಡ್ ಹೋಗ್ಬನ್ನಿ." ಹೋಗಿ ಬಂದೆ, ಭುಜ ಇನ್ನೂ ಎಳೆಯುತ್ತಿತ್ತು. 70. ಮತ್ತೆ ಒಂದು ರೌಂಡ್. ಕೊನೆಗೆ 60. ಅದರಲ್ಲಿ ಕೂತ ತಕ್ಷಣ ಮೊಣಕೈ ತಾನಾಗಿ ಮಡಚಿತು. ನಾನು ಬಾಯಿ ಬಿಡುವ ಮುಂಚೆಯೇ ಅವರ ಮಗ "ಇದೇ ಅಪ್ಪ" ಅಂದ. ಆ ಮೂರು ರೌಂಡಿಗೆ ಅವರು ಒಂದು ರೂಪಾಯಿ ಹಾಕಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಗೊತ್ತಿಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತೆ. ನನ್ನ ಹಳೇ ಸ್ಟೆಮ್ಮಿನಲ್ಲೇ ಮುಂದಿನ ಬ್ರೇಕ್ ಕೇಬಲ್ ಹಾದು ಹೋಗುವ ತೂತು ಇತ್ತು, ಕೇಬಲ್ಲಿನ ಹೊರಗಿನ ಕವಚ (ಔಟರ್) ಅಲ್ಲೇ ಬಂದು ನಿಲ್ಲುತ್ತಿತ್ತು. ಹೊಸ ಸ್ಟೆಮ್ಮಿನಲ್ಲಿ ಅದು ಇರಲ್ಲ. ಹಾಗಾಗಿ ಫೋರ್ಕ್ ತಿರುಗುವ ಬೇರಿಂಗಿನ (ಹೆಡ್‌ಸೆಟ್) ನಟ್ಟಿನ ಕೆಳಗೆ, ಔಟರ್ ನಿಲ್ಲಲು ಒಂದು ಹ್ಯಾಂಗರ್ ಕೂರಿಸಬೇಕು. ಇವರು ಅದನ್ನು ಮೊದಲ ದಿನವೇ ಹೇಳಿ ತರಿಸಿಟ್ಟಿದ್ದರು.

ಗೇರಿನ ಕಥೆ ಹೇಳಬೇಕು. ಗೇರ್ ಬದಲಾಯಿಸುವ ಹಳೇ ಶಿಫ್ಟರ್ 22.2 ಮಿ.ಮೀ. ಪೈಪಿಗೆ ಮಾಡಿದ್ದು, ಡ್ರಾಪ್ ಹ್ಯಾಂಡಲ್ ಸುಮಾರು 24 ಮಿ.ಮೀ. ದಪ್ಪ, ಕೂರಲ್ಲ. ಬ್ರೇಕ್ ಗೇರ್ ಎರಡೂ ಸೇರಿದ ಲಿವರ್ ತಗೊಂಡರೆ ದುಬಾರಿ, ಅದರ ಮೇಲೆ ರೋಡ್ ಶಿಫ್ಟರ್‌ಗೂ ಎಂಟಿಬಿಯ ಮುಂದಿನ ಡಿರೇಲರ್‌ಗೂ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಕೇಬಲ್ ಎಳೆತ ಹೊಂದಲ್ಲ. ಯಜಮಾನರು ಹೇಳಿದ್ದು ಬಾರ್ ಎಂಡ್ ಶಿಫ್ಟರ್. ಹ್ಯಾಂಡಲ್‌ನ ಎರಡು ತುದಿಗೆ ತೂರಿಸುವ ಚಿಕ್ಕ ಕಡ್ಡಿಗಳು. ನನಗೆ ಸೆಕೆಂಡ್ ಹ್ಯಾಂಡ್ ಶಿಮಾನೋ ಜೋಡಿ ಸಿಕ್ಕಿತು, 3,000 ರೂಪಾಯಿ. ಅದರಲ್ಲಿ ಫ್ರಿಕ್ಷನ್ ಮೋಡ್ ಇದೆ, ಅಂದರೆ ಟಕ್ ಟಕ್ ಅಂತ ಗೇರ್ ಬೀಳಲ್ಲ, ಕೈಯಲ್ಲೇ ಸ್ವಲ್ಪ ಸ್ವಲ್ಪ ಸರಿಸಿ ಚೈನ್ ಸದ್ದು ನಿಲ್ಲುವ ಜಾಗಕ್ಕೆ ತರಬೇಕು. ಎರಡು ವಾರ ಬೇಕಾಯಿತು ಅಭ್ಯಾಸಕ್ಕೆ. ಈಗ ಕಿವಿಯೇ ಹೇಳುತ್ತೆ. ಏಳು ಗೇರಿನ ಹಳೇ ಚಕ್ರ, ಹಳೇ ಡಿರೇಲರ್ ಎಲ್ಲ ಹಾಗೇ ಉಳಿಯಿತು, ನನಗೆ ಅದೇ ದೊಡ್ಡ ಖುಷಿ.

ಈಗ ಕುಂದುಗಳು. ನಾಲ್ಕು ದಿನ ಅಂದಿದ್ದರು, ಹನ್ನೆರಡು ದಿನ ಆಯಿತು. ಫೋನ್ ಎತ್ತಲ್ಲ, ಹೋಗಿಯೇ ಕೇಳಬೇಕು. ತಂದ ಮೇಲೆ ಮೊದಲ ವಾರ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಫೋರ್ಕ್ ಗಡಗಡ ಅಲುಗುತ್ತಿತ್ತು. ಗಾಬರಿಯಾಗಿ ಓಡಿದೆ. ಬ್ರೇಕ್ ಪ್ಯಾಡಿನ ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಒಂದು ಹಳೇ ಬಸ್ ಟಿಕೆಟ್ ಮಡಚಿ ಇಟ್ಟು, ಮುಂದಿನ ತುದಿ ಮೊದಲು ತಾಗುವ ಹಾಗೆ ಓರೆ ಮಾಡಿ ಬಿಗಿದು, ಟಿಕೆಟ್ ಎಳೆದು ತೆಗೆದರು. ಅಲುಗಾಟ ನಿಂತಿತು. ಈ ಹಳೇ ಬ್ರೇಕ್‌ಗಳಲ್ಲಿ ಇದು ಸಾಮಾನ್ಯ ಅಂತ ಆಮೇಲೆ ತಿಳಿಯಿತು, ಆದರೂ ಕೊಡುವ ಮುಂಚೆಯೇ ನೋಡಬೇಕಿತ್ತು. ಎಡಗಡೆ ಟೇಪ್ ತುದಿಯಲ್ಲಿ ಬಿಚ್ಚಿಕೊಳ್ಳುತ್ತಿತ್ತು, ಅದನ್ನೂ ಮತ್ತೆ ಸುತ್ತಿಸಿಕೊಂಡೆ.

ಖರ್ಚು: ಲಿವರ್ 2,200, ಹ್ಯಾಂಡಲ್ ಶೋರೂಮಿನದೇ ಉಳಿಯಿತು, ಅಡಾಪ್ಟರ್ ಮತ್ತು ಸ್ಟೆಮ್ ಸೇರಿ 1,700, ಹ್ಯಾಂಗರ್, ಕೇಬಲ್, ಔಟರ್ ಎಲ್ಲ 850, ಟೇಪ್ 450, ಶಿಫ್ಟರ್ 3,000. ಕೂಲಿ 1,200. ಒಟ್ಟು 9,400. ಕೂಲಿ ಇಷ್ಟು ಕಡಿಮೆ ಹೇಳಿದ್ದಕ್ಕೆ ನನಗೇ ಬೇಜಾರಾಯಿತು. ಜಾಸ್ತಿ ಕೊಟ್ಟೆ, ಮಗನ ಕೈಗೆ.

ಎಲ್ಲರ ಸೈಕಲ್ಲಿಗೂ ಇದು ಆಗಲ್ಲ. ನಾನು ಅಲ್ಲಿ ಕಾಯುತ್ತಿದ್ದಾಗ ಒಬ್ಬ ಹುಡುಗ ಮುಂದೆ ಶಾಕ್ ಇರುವ, ಡಿಸ್ಕ್ ಬ್ರೇಕಿನ ಸೈಕಲ್ ತಂದು ಇದೇ ರೀತಿ ಮಾಡಿಕೊಡಿ ಅಂದ. ಯಜಮಾನರು ದಾರ ಹಿಡಿದು ಅಳೆದು, ಬೇಡ ಅಂದರು. "ಇದರ ಪೈಪು ಇನ್ನೂ ಉದ್ದ ಕಣಪ್ಪ, ಎಷ್ಟು ಚಿಕ್ಕ ಸ್ಟೆಮ್ ಹಾಕಿದ್ರೂ ನಿನ್ನ ಬೆನ್ನು ಹೋಗುತ್ತೆ. ದುಡ್ಡು ಇಟ್ಕೊ." ಬಂದ ಕೆಲಸ ಬೇಡ ಅನ್ನುವ ಅಂಗಡಿ ನಾನು ನೋಡಿದ್ದು ಕಡಿಮೆ. ನಿಮ್ಮದು ಗಟ್ಟಿ ಫೋರ್ಕಿನ ಸ್ಟೀಲ್ ಸೈಕಲ್ ಆಗಿದ್ದು, ಕ್ಯಾಂಟಿಲಿವರ್ ಬ್ರೇಕ್ ಇದ್ದು, ಫ್ರೇಮ್ ನಿಮಗೆ ಒಂದು ಸೈಜ್ ಚಿಕ್ಕದು ಅನ್ನಿಸುತ್ತಿದ್ದರೆ ಕಣ್ಣು ಮುಚ್ಚಿ ಹೋಗಿ. ಟೈರ್ ಬದಲಾಯಿಸುವಾಗ ಮಾತ್ರ ಹುಷಾರು, 26 ಇಂಚು ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ರಿಮ್ಮಿನ ಅಳತೆ ಮಿ.ಮೀ. ಲೆಕ್ಕದಲ್ಲಿ ಎಂಟಿಬಿಯದು 559, ಹಳೇ ಸೈಕಲ್ಲುಗಳ 26 ಗುಣಿಸು 1 3/8 ಅನ್ನೋದು 590. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ, ಓದಿ ತಗೊಳ್ಳಿ.

ಕಳೆದ ಭಾನುವಾರ ಮಂಚನಬೆಲೆಯಿಂದ ವಾಪಸ್ ಬರುವಾಗ ಅದೇ ಎದುರುಗಾಳಿ. ಕೆಳಗೆ ಬಗ್ಗಿ ಹಿಡಿದು ರಾಮೋಹಳ್ಳಿವರೆಗೆ ಎಲ್ಲೂ ನಿಲ್ಲಿಸದೆ ಬಂದೆ. ಇಡ್ಲಿ ಹೋಟೆಲ್ ಮುಂದೆ ಇಳಿದಾಗ ಬೆರಳು ಮಡಚಿ ಬಿಚ್ಚಿ ನೋಡಿದೆ, ಜೋಮು ಇರಲಿಲ್ಲ.

ಹೋಗುವವರು ಬೆಳಿಗ್ಗೆ ಹತ್ತೂವರೆ ಒಳಗೆ ಹೋಗಿ, ಆಮೇಲೆ ಪಂಕ್ಚರ್ ಗಲಾಟೆ ಶುರುವಾಗುತ್ತೆ. ಮಂಗಳವಾರ ರಜ. ಹಳೇ ಸ್ಟೆಮ್, ಹ್ಯಾಂಡಲ್, ಶಿಫ್ಟರ್ ಕೇಳಿ ಇಸ್ಕೊಳ್ಳಿ. ನನಗೆ ಅವರೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು. ಮಾವ ನೋಡಲು ಬಂದಾಗ ಮೊದಲು ಕೇಳಿದ್ದೇ ಅದನ್ನು.