ಹಳೇ ಮನೆಯನ್ನು ಬಿಲ್ಡರ್ ಕೈಗೆ ಕೊಡುವ ಮುಂಚೆ

ಮಲ್ಲೇಶ್ವರಂ, ಬಸವನಗುಡಿ ಕಡೆ ಹಳೇ ಮನೆ ಇರುವವರ ಗೇಟಿನ ಮುಂದೆ ಈಗ ಬ್ರೋಕರ್‌ಗಳದ್ದೇ ಓಡಾಟ. "ಜಾಗ ನಿಮ್ಮದು, ಖರ್ಚು ನಮ್ಮದು, ಅರ್ಧ ಫ್ಲ್ಯಾಟ್ ನಿಮಗೆ" ಎನ್ನುತ್ತಾರೆ. ಜಾಯಿಂಟ್ ಡೆವಲಪ್‌ಮೆಂಟ್ ಅಂದರೆ ಇದೇ. ನಮ್ಮ ಮಾವನವರ ಮಲ್ಲೇಶ್ವರಂ ಮನೆ ಹೋಗಿದ್ದೂ ಹೀಗೇ. ಬಿಲ್ಡರ್ ಹೆಸರು ಹಾಕುವುದಿಲ್ಲ. ಕೇಸ್ ನಡೆಯುತ್ತಿದೆ, ವಕೀಲರು ಬೇಡ ಎಂದಿದ್ದಾರೆ.

ಮನೆ ಒಡೆಯುವ ದಿನ ಮಾವ ನೋಡಲು ಹೋಗಿದ್ದರು. ತೇಗದ ಬಾಗಿಲು, ಕಿಟಕಿ, ಜಂತಿ, ಹಿತ್ತಲಿನ ಕಲ್ಲು ಚಪ್ಪಡಿ ಒಂದೊಂದಾಗಿ ಲಾರಿ ಏರುತ್ತಿದ್ದವು. ಹಳೇ ತೇಗಕ್ಕೆ ಒಳ್ಳೇ ರೇಟು. ಒಡೆಯುವ ಗುತ್ತಿಗೆದಾರ ಅದರ ದುಡ್ಡನ್ನು ಬಿಲ್ಡರ್‌ಗೆ ಕೊಟ್ಟಾಗಿತ್ತು. ದೇವರಮನೆ ಬಾಗಿಲಾದರೂ ಬಿಡಪ್ಪ ಎಂದರೆ, "ಅಗ್ರಿಮೆಂಟಲ್ಲಿ ಇಲ್ಲ ಯಜಮಾನ್ರೇ" ಎಂದನಂತೆ ಮೇಸ್ತ್ರಿ. ಅಲ್ಲಿಯವರೆಗೆ "ಅಪ್ಪಾಜಿ, ಅಪ್ಪಾಜಿ" ಎನ್ನುತ್ತಿದ್ದ ಬಿಲ್ಡರ್ ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ನಾವಿದ್ದ ಬಾಡಿಗೆ ಮನೆಗೆ ಅವನು ಕೊಡಬೇಕಿದ್ದ ದುಡ್ಡೂ ಸ್ವಲ್ಪ ದಿನಕ್ಕೇ ನಿಂತಿತು. ಹಾಗಾಗಿ ಏನೇ ಬರೆಸಿಕೊಳ್ಳುವುದಿದ್ದರೂ ಮನೆ ನಿಂತಿರುವಾಗಲೇ ಬರೆಸಿಕೊಳ್ಳಿ.

ಮುಖ್ಯವಾಗಿ ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಬಿಲ್ಡರ್‌ಗೆ ಬರೆದುಕೊಡುವ ಅಧಿಕಾರ ಪತ್ರ. ಪ್ಲಾನ್ ಮಂಜೂರಾತಿಗೆ ಬೇಕು ಎಂದು ಸಹಿ ಹಾಕಿಸಿಕೊಂಡ ಪತ್ರದಲ್ಲಿ, ಹತ್ತಾರು ಪುಟಗಳ ನಡುವೆ, ಜಾಗ ಅಡ ಇಡುವ ಅಧಿಕಾರವೂ ಸೇರಿಕೊಂಡಿತ್ತು. ಜಾಗದ ಮೇಲಿನ ಸಾಲ, ವ್ಯವಹಾರ ತೋರಿಸುವ ಇಸಿ (ಋಣಭಾರ ಪತ್ರ) ತೆಗೆಸಿದಾಗಲೇ ಗೊತ್ತಾಗಿದ್ದು, ಪೂರ್ತಿ ಜಾಗದ ಮೇಲೆ ಸಾಲ ಎತ್ತಿದ್ದಾನೆ ಅಂತ. ಅಡ ಇಡುವ, ಮಾರುವ ಹಕ್ಕು ಅವನ ಪಾಲಿಗೆ ಮಾತ್ರ, ಅದೂ ನಿಮ್ಮ ಪಾಲು ಕೈಗೆ ಬಂದ ಮೇಲೆ ಎಂದು ಹಟ ಹಿಡಿಯಿರಿ. ಯಾವ ಫ್ಲ್ಯಾಟ್ ಯಾರಿಗೆ ಎನ್ನುವುದು ನಂಬರ್ ಸಮೇತ ರಿಜಿಸ್ಟರ್ ಆಗಲಿ. ನಮ್ಮ ಪತ್ರದಲ್ಲಿ ಸುಮ್ನೆ "ಅರ್ಧ" ಎಂದಿತ್ತು. ರಸ್ತೆ ಕಡೆಯ ಅರ್ಧ ಅವನಿಗೆ, ಹಿಂದಿನ ಕನ್ಸರ್ವೆನ್ಸಿ ಓಣಿ ನೋಡುವ ಅರ್ಧ ನಮಗೆ!

ಬಿಲ್ಡರ್‌ಗಳನ್ನು ಹದ್ದುಬಸ್ತಿನಲ್ಲಿಡುವ ರೇರಾ ಕಾಯ್ದೆ ಇದೆ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. 2016ರ ಆ ಕಾಯ್ದೆಯಲ್ಲಿ, ಜಾಗ 500 ಚದರ ಮೀಟರ್ ದಾಟದಿದ್ದರೆ, ಇಲ್ಲವೇ ಫ್ಲ್ಯಾಟ್‌ಗಳು ಎಂಟಕ್ಕಿಂತ ಜಾಸ್ತಿ ಇಲ್ಲದಿದ್ದರೆ ನೋಂದಣಿಯೇ ಬೇಕಿಲ್ಲ. 60-40 ಸೈಟು ಸುಮಾರು 223 ಚದರ ಮೀಟರ್. ಅಂದರೆ ನಮ್ಮಂಥ ಸೈಟುಗಳೆಲ್ಲ ಹೊರಗೇ. ಈ ಬ್ರೋಕರ್‌ಗಳ ಕಣ್ಣು ಇಂಥವುಗಳ ಮೇಲೇ ಇರುವುದು ಸುಮ್ನೆ ಅಲ್ಲ.

ಇನ್ನೊಂದು ಗಂಟು ಓಸಿಯದು, ಅಂದರೆ ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸಕ್ಕೆ ಅಡ್ಡಿಯಿಲ್ಲ ಎಂದು ಕೊಡುವ ಸರ್ಟಿಫಿಕೇಟಿನದು. ಪ್ಲಾನ್‌ನಲ್ಲಿ ಇಲ್ಲದ ಒಂದು ಮಹಡಿ ಎಬ್ಬಿಸಿದ್ದಾನೆ, ಹಾಗಾಗಿ ಓಸಿ ಸಿಗುತ್ತಿಲ್ಲ. ಓಸಿ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಸಣ್ಣ ವಿಷಯವಲ್ಲ.

ಹಿತ್ತಲಿನ ಎರಡು ಮನೆಗಳಲ್ಲಿ ಭೋಗ್ಯಕ್ಕಿದ್ದವರ ಪಾಡು ನಮಗಿಂತ ಕಷ್ಟ. ಭೋಗ್ಯದ ದುಡ್ಡು ತಾನೇ ತೀರಿಸುತ್ತೇನೆ ಎಂದಿದ್ದ ಬಿಲ್ಡರ್ ಅರ್ಧ ಕೊಟ್ಟು ಕೈ ತೊಳೆದುಕೊಂಡ. ಉಳಿದದ್ದನ್ನು ಅತ್ತೆಯವರ ಬಳೆ ಮಾರಿ ಕೊಟ್ಟೆವು. ಒಬ್ಬರು ನಮ್ಮ ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದ ಟೈಲರ್. ಆ ದುಡ್ಡಿಗೆ ಮಲ್ಲೇಶ್ವರಂನಲ್ಲಿ ಒಂದು ರೂಮೂ ಸಿಗಲಿಲ್ಲ, ಲಗ್ಗೆರೆಗೆ ಹೋದರು. ಗಿರಾಕಿಗಳು ಇಲ್ಲೇ ಉಳಿದರು.

ಕಡೆಯದಾಗಿ, ಬಿಲ್ಡರ್ ಹಿಂದೆ ಕಟ್ಟಿದ ಅಪಾರ್ಟ್‌ಮೆಂಟ್ ತೋರಿಸಲು ಕಾರಲ್ಲಿ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಫ್ಲ್ಯಾಟ್ ಕೊಂಡವರನ್ನಲ್ಲ, ಜಾಗ ಕೊಟ್ಟವರನ್ನು ಹುಡುಕಿ ಮಾತಾಡಿಸಿ. ಅವನಿಲ್ಲದ ದಿನ ಹೋಗಿ.